ಕುರಿ ಕರೆಯುವ ದನಿ

ಪುಷ್ಪಲತಾಳ ಸೈರನ್ನಿಗೆ ಗಂಟಲಿನ ಕೊರತೆಯೇನೂ ಇರಲಿಲ್ಲ. ಪ್ರತಿ ಸೋಮವಾರ ಪರೀಕ್ಷೆಗೆಂದು ಊದಿದಾಗ ಊರಿಗೆ ಊರೇ ಕಿವಿ ಮುಚ್ಚಿಕೊಳ್ಳುತ್ತಿತ್ತು. ಕೊಟ್ಟೂರಿನ ಈ ಹುಡುಗಿ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಡಗಲಿ ಕಡೆಯ ಒಂದು ಹಳ್ಳವನ್ನು ಆರಿಸಿಕೊಂಡಿದ್ದಳು. ನಡುಹಳ್ಳದ ಬಂಡೆಗೊಂದು ಕಂಬ, ಕಂಬಕ್ಕೊಂದು ತೇಲುವ ಡಬ್ಬಿ. ನೀರೇರಿದರೆ ಡಬ್ಬಿ ಏರಬೇಕು, ಕೆಂಪು ದೀಪ ಹತ್ತಬೇಕು, ಆಚೆ ದಡದ ಬೇವಿನ ಮರದಲ್ಲಿ ಸೈರನ್ನು ಕೂಗಬೇಕು, ಜನ ಎದ್ದು ಓಡಬೇಕು. ಹಾಳೆಯ ಮೇಲೆ ಎಲ್ಲರೂ ಚೆನ್ನಾಗಿಯೇ ಓಡಿದ್ದರು.

ಅದು ಎರಡು ಸಾವಿರದ ಒಂಬತ್ತರ ಸೆಪ್ಟೆಂಬರ್ ಕೊನೆ. ಆ ಮಧ್ಯಾಹ್ನ ಮಳೆ ಹೊಳವಾಗಿತ್ತು. ಡಬ್ಬಿ ನೋಡಲೆಂದು ಪುಷ್ಪಲತಾ ಮೊಣಕಾಲುದ್ದದ ನೀರು ದಾಟಿ ಬಂಡೆಗೆ ಬಂದಳು. ಗುಡೇಕೋಟೆಯಿಂದ ಕುರಿ ಹೊಡೆದುಕೊಂಡು ಬಂದು ಆಚೆ ದಡದಲ್ಲಿ ಹಟ್ಟಿ ಹಾಕಿದ್ದ ದ್ಯಾಮಕ್ಕ, ಏನೋ ಹೇಳುವುದಿದೆಯೆಂದು ತಾನೂ ಬಂದಳು. ಹೇಳುವಷ್ಟರಲ್ಲಿ ಮೇಲಿನ ಊರುಗಳಲ್ಲಿ ಸುರಿದದ್ದೆಲ್ಲ ಕೆಂಪಗೆ ಒಮ್ಮೆಲೇ ಬಂತು. ಇಬ್ಬರೂ ಬಂಡೆಯ ನೆತ್ತಿಗೆ ಹತ್ತಿದರು. ಎರಡೂ ಕಡೆ ದಾರಿ ಮುಚ್ಚಿಹೋಯಿತು.

ಡಬ್ಬಿ ಏರಿತು, ದೀಪ ಹತ್ತಿತು. ಸೈರನ್ನು ಮಾತ್ರ ಸುಮ್ಮನಿತ್ತು.

ಬೇವಿನ ಬುಡದಲ್ಲಿ ದ್ಯಾಮಕ್ಕನ ಗಂಡ ಯರ್ರೆಪ್ಪ, ರಾತ್ರಿಯೆಲ್ಲ ತೋಳ ಕಾದವನು, ಕಂಬಳಿ ಹೊದ್ದು ಮಲಗಿದ್ದ. ನೀರು ಅವನ ಕಡೆಗೇ ಹೊರಟಿತ್ತು.

"ಯಾಕ ಕೂಗವಲ್ದು ಇದು!" ಪುಷ್ಪಲತಾ ಕಂಬ ಅಲ್ಲಾಡಿಸಿದಳು.

"ಅದನ್ನ ಹೇಳಾಕ ಬಂದಿದ್ದೆ ಯವ್ವಾ. ನಿನ್ನೆ ಅದರ ಬಾಯಾಗ ಅರಿವಿ ತುರುಕೀನಿ. ಅದರ ಸದ್ದಿಗೆ ಬೆದರಿ ಎರಡು ಗಬ್ಬದ ಕುರಿ ಕಂದು ಹಾಕಿದ್ವು."

"ನನಗ ಮೊದಲ ಹೇಳಬಾರದಿತ್ತಾ?"

"ನೀ ನಮ್ಮನ್ನ ಕೇಳಿದ್ದೀ ಏನು?"

ಪುಷ್ಪಲತಾಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಗಂಟಲು ಹರಿಯುವಂತೆ ಕೂಗಿದಳು. ನೀರಿನ ಅಬ್ಬರದಲ್ಲಿ ಅಷ್ಟು ದೂರ ಮುಟ್ಟಲಿಲ್ಲ.

"ಯಕ್ಕಾ, ನೀವು ಕುರಿ ಕರಿಯೋ ದನಿ ತೆಗೀರಿ. ಅದು ಮುಟ್ಟತೈತಿ!"

"ಮುಟ್ಟತೈತಿ. ಆದ್ರ ಅವು ನನ್ನ ಕಡೀಗೇ ಓಡಿ ಬರ್ತಾವ. ಅವುಗಳ ಹಿಂದ ಆತನೂ ನೀರಿಗೆ ಇಳೀತಾನ." ದ್ಯಾಮಕ್ಕ ಅವಳ ತೋಳು ಜಗ್ಗಿದಳು. "ಮಲಕ್ಕ. ನಾವು ಕಂಡ್ರೂ ಇಳೀತಾನ."

ಇಬ್ಬರೂ ಬಂಡೆಗೆ ಅಂಟಿಕೊಂಡು ಮಲಗಿದರು. ತಣ್ಣೀರು ಕಾಲಿಗೆ ಮುಟ್ಟಿ ಯರ್ರೆಪ್ಪ ಧಡಕ್ಕನೆ ಎದ್ದ. ಹಟ್ಟಿಯ ಬೇಲಿ ಕಿತ್ತ. ಹೆಂಡತಿಯನ್ನು ಹುಡುಕುತ್ತ ಅತ್ತಿತ್ತ ಓಡಾಡಿದ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದ್ದು ಕಂಡಿತು. "ದ್ಯಾಮೀ" ಎಂದದ್ದು ತೆಳ್ಳಗೆ ಕೇಳಿಯೂ ಕೇಳಿತು. ದ್ಯಾಮಕ್ಕ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತ ಸುಮ್ಮನಿದ್ದಳು. ಕೊನೆಗೆ ಅವನು ಮರಿಗಳನ್ನು ಬಗಲಿಗೆ ಹಾಕಿಕೊಂಡು ಮಂದೆಯನ್ನು ದಿನ್ನೆಗೆ ಹೊಡೆದ. ತಿರುತಿರುಗಿ ನೋಡುತ್ತಲೇ ಹತ್ತಿದ.

ನೀರು ಬಂಡೆಯ ಮೊಣಕಾಲು ದಾಟಿ ಸೊಂಟಕ್ಕೆ ಬಂದಿತ್ತು. ಆಗ ಹತ್ತಿರದ ದಡಕ್ಕೆ, ಊರ ಕಡೆಯಿಂದ, ಹೆಗಲಿಗೆ ಹಗ್ಗ ಹಾಕಿಕೊಂಡ ಒಬ್ಬಾತ ಬಂದ. ನೀರು ನೋಡಿ, ಇವರನ್ನು ಕಾಣದೆ, ಬೆನ್ನು ತಿರುಗಿಸಿದ.

"ಲಗೂನ ಕರಿಯವ್ವಾ," ದ್ಯಾಮಕ್ಕ ಪಿಸುಗುಟ್ಟಿದಳು. "ನಾ ದನಿ ತೆಗೆದ್ರ ಕುರಿ ತಿರುಗತಾವ. ನಾವು ಪರ ಊರವ್ರು, ನನಗಾತ ಗೊತ್ತಿಲ್ಲ. ನೀ ಮನಿಮನಿ ತಿರುಗೀದಿ. ಈ ಅಬ್ಬರದಾಗ ಬರೇ ಕೂಗಿದ್ರ ತಿರುಗಿ ನೋಡಂಗಿಲ್ಲ, ಹೆಸರು ಹಿಡದು ಕರಿ."

ಪುಷ್ಪಲತಾ ಬಾಯಿ ತೆರೆದಳು. ಆತನ ಮನೆಯಲ್ಲಿ ಕೂತು ಚಹಾ ಕುಡಿದಿದ್ದಳು, ಮುಖದ ಗುರುತೂ ಇತ್ತು. ಅವಳ ಸರ್ವೆ ಹಾಳೆಯಲ್ಲಿ ಆತ ಬರೀ ಮನೆ ನಂಬರ್ ಹದಿನೇಳು.