ಮೀನುಗಳು ಮರದಲ್ಲಿರುವ ಊರು

ಅವರಿಬ್ಬರೂ ಒಂದೇ ಬಸಿರಿನಲ್ಲಿ ಒತ್ತೊತ್ತಾಗಿ ಮಲಗಿದ್ದು ಹುಟ್ಟಿದವರು. ಒಂದಿಷ್ಟು ಮುಂಚೆ ಕಣ್ಣು ಬಿಟ್ಟಿದ್ದಕ್ಕೆ ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ. ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಂಗಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ. ಆದರೆ ಅವಳ ಜೀವವೆಲ್ಲ ಪ್ಲಾಟ್‌ಫಾರ್ಮಿನ ಕೊನೆಗೆ, ಸುತ್ತಲೂ ಗಾಜಿದ್ದ ಸಿಗ್ನಲ್ ಕೋಣೆಯಲ್ಲಿ. ಮಂಜು ಬಿದ್ದ ದಿನ ಅದು ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿತ್ತು.

ಅಲ್ಲಿನ ಕೆಲಸ ಸಿಗಬೇಕಾದರೆ ತರ್ಕದ ಪರೀಕ್ಷೆ ಪಾಸಾಗಬೇಕು. ತಂಗಿ ಫೇಲಾಗಿ ಮನೆಗೆ ಬಂದಳು.

"ಏನು ಕೇಳಿದ್ರು?" ಅಂದಳು ಅಕ್ಕ.

"ಮೀನುಗಳೆಲ್ಲ ಮರದಲ್ಲಿ ಇರ್ತವೆ ಅಂದುಕೊಳ್ಳಿ. ಇದು ಮೀನು. ಹಾಗಾದ್ರೆ ಇದು ಎಲ್ಲಿರುತ್ತೆ ಅಂತ."

"ಏನು ಬರೆದೆ?"

"ನೀರಲ್ಲಿ. ಮತ್ತೆಲ್ಲಿರುತ್ತೆ ಅಕ್ಕ?"

ಅಕ್ಕ ಹಣೆ ಚಚ್ಚಿಕೊಂಡಳು. ಅಂದಿನಿಂದ ಊಟವಾದ ಮೇಲೆ ದಿನಾ ಪಾಠ. "ಅಂದುಕೋ ಅಂತ ತಾನೇ ಹೇಳ್ತಿರೋದು? ಅಂದುಕೊಳ್ಳೋಕೇನು ಕಷ್ಟ?" ಎಂದು ಅಕ್ಕ ಗಂಟಲು ಹರಿದುಕೊಂಡರೆ, "ಇಲ್ಲದ್ದನ್ನ ಇದೆ ಅಂತ ಹೇಗೆ ಬರೀಲಿ?" ಎಂದು ತಂಗಿ ಮುಖ ಚಿಕ್ಕದು ಮಾಡುತ್ತಿದ್ದಳು. ಒಂದೇ ಮನೆ, ಒಂದೇ ಶಾಲೆ, ಒಂದೇ ಬೆಂಚು. ಆದರೂ ತನಗೆ ನೀರು ಕುಡಿದಷ್ಟು ಸುಲಭವಾದದ್ದು ಇವಳಿಗೆ ಯಾಕೆ ಹತ್ತುವುದಿಲ್ಲ? ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಇಬ್ಬರಿಗೂ ಕುಡಿಸಿದ್ದು ಒಂದೇ ಹಾಲು ಕಣ್ರೇ. ನನ್ನ ತಲೆಗೆ ಕಟ್ಟಬೇಡಿ."

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಕೈಚೆಲ್ಲಿ ಕೂತಿದ್ದಳು. ಬಾಲ್ಕನಿಯಲ್ಲಿ ಒಣಹಾಕಿದ್ದ ಬಿಳಿ ದುಪ್ಪಟಿಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಅವುಗಳೊಳಗಿಂದ ಸೋಸಿ ಬಂದ ಬೆಳಕು ಗೋಡೆಯ ಮೇಲೆ ಅಲೆಯಾಡುತ್ತಿತ್ತು. ಚಾಪೆಯ ಮೇಲೆ ತಂಗಿಗೆ ಜೊಂಪು ಹತ್ತಿತ್ತು. ಏನೋ ತೋಚಿ, ಅಕ್ಕ ಮಗುವಿಗೆ ಕಥೆ ಹೇಳುವ ದನಿಯಲ್ಲಿ ಶುರುಮಾಡಿದಳು: "ದೂರದಲ್ಲಿ ಒಂದು ಊರು. ಅಲ್ಲಿ ಮೀನುಗಳೆಲ್ಲ ಮರದಲ್ಲಿರ್ತವೆ."

"ಹೂಂ," ಅಂದಳು ತಂಗಿ, ಕಣ್ಣುಮುಚ್ಚಿಕೊಂಡೇ. "ಎಲೆ ಸಂದೀಲಿ ಹೊಳೀತಿವೆ. ಪಾಪ, ಬೆಕ್ಕುಗಳಿಗೆ ಹತ್ತಿ ಹತ್ತಿ ಸಾಕಾಗಿದೆ."

ಅಕ್ಕ ಚಾಪೆಯ ಹತ್ತಿರಕ್ಕೆ ಸರಿದು ಕೂತಳು. ಮೆಲ್ಲಗೆ ಕಷ್ಟದ್ದೇ ಕೇಳಿದಳು: "ಆ ಊರಲ್ಲಿ, ಮರದಲ್ಲಿರೋ ಯಾವುದಕ್ಕೂ ನೆರಳಿಲ್ಲ. ದಾರೀಲಿ ಏನೋ ಹೋಗ್ತಿದೆ, ಅದಕ್ಕೆ ನೆರಳಿದೆ. ಅದು ಮೀನಾ?"

"ಅಲ್ಲ. ಮೀನಾಗಿದ್ರೆ ಮರದಲ್ಲಿರೋದು. ಮರದಲ್ಲಿದ್ರೆ ನೆರಳೆಲ್ಲಿಂದ ಬರುತ್ತೆ?"

ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಮುಗ್ಗರಿಸುವ ಪ್ರಶ್ನೆ ಅದು. ಅಕ್ಕ ತಾನೂ ಕಣ್ಣುಮುಚ್ಚಿ ನೋಡಿದಳು. ಮರವೂ ಇಲ್ಲ, ಮೀನೂ ಇಲ್ಲ, ಬರೀ ಆ ಎರಡು ಪದಗಳು. ತನಗೆ ಮಾತೊಂದಿದ್ದರೆ ಸಾಕು, ಲೆಕ್ಕ ನಡೆಯುತ್ತದೆ. ಇವಳು ಮೊದಲು ಆ ಊರಿಗೆ ಹೋಗಿ ಬರಬೇಕು. ಇಷ್ಟು ದಿನ ತಾನು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಗದರಿದ್ದೆನಲ್ಲ ಎಂದು ಪಿಚ್ಚೆನಿಸಿತು. ದುಪ್ಪಟಿ ಒಣಗುವವರೆಗೂ ಇಬ್ಬರೂ ಊರಿಂದೂರಿಗೆ ಅಲೆದರು.

ಮತ್ತೆ ಪರೀಕ್ಷೆ ಬಂತು. ತಂಗಿ ಪಾಸಾದಳು.

"ಒಂದೇ ಒಂದು ತಪ್ಪಾಯ್ತು," ಅಂದಳು. "ಅದು ಈ ಊರಿನ ಪ್ರಶ್ನೆ."

ಅಮ್ಮ ನಕ್ಕು ನಕ್ಕು ಸೂಜಿಗೆ ಪೋಣಿಸುತ್ತಿದ್ದ ದಾರ ತಪ್ಪಿಸಿಕೊಂಡಳು.

ಚಳಿ ಶುರುವಾದ ಮೇಲೆ ಒಂದು ಸಂಜೆ ಅಕ್ಕ ಸಿಗ್ನಲ್ ಕೋಣೆಗೆ ಹೋದಳು. ಗಾಜಿನಾಚೆ ಎಲ್ಲ ಕಡೆ ಮಂಜು.

"ಇಷ್ಟು ಮಂಜಲ್ಲಿ ನಿನಗೆ ಏನು ಕಾಣುತ್ತೆ?"

"ಎಲ್ಲಾ ಕಾಣುತ್ತೆ. ಈಗ ಸುಮ್ನೆ ಕೂತ್ಕೋ ಅಕ್ಕ, ರೈಲು ಬರ್ತಿದೆ."

ಅಕ್ಕ ಸ್ಟೂಲಿನ ಮೇಲೆ ಬಾಯಿಮುಚ್ಚಿ ಕೂತಳು. ತಂಗಿ ಎರಡೂ ಕೈಯಿಂದ ಲಿವರ್ ಎಳೆದಳು. ಕಾಲ ಕೆಳಗಿನ ಹಲಗೆ ನಡುಗಿತು. ರೈಲಿನ ಕಿಟಕಿಗಳ ಬೆಳಕು ಒಂದೊಂದಾಗಿ ತಂಗಿಯ ಮುಖದ ಮೇಲೆ ಹಾದುಹೋಯಿತು.