ಬಿಸಿಯಾಗದ ಮುದ್ದೆ ಪಾತ್ರೆ

ದಿಬ್ಬೂರಹಳ್ಳಿಯ ಲಕ್ಷ್ಮೀನರಸಮ್ಮನಿಗೆ ಸಾಕುಸಾಕಾಗಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದರೆ ಹಿಪ್ಪುನೇರಳೆ ಕಡ್ಡಿ ಮುರಿಯಬೇಕು, ಒಲೆ ಊದಬೇಕು, ಕೆಮ್ಮಬೇಕು. ಅಡುಗೆ ಮುಗಿಯುವಷ್ಟರಲ್ಲಿ ಹೊಗೆ ಕುಡಿದೇ ಹೊಟ್ಟೆ ತುಂಬಿರುತ್ತಿತ್ತು. ಹೊಗೆಯಲ್ಲಿ ಕೂರಬೇಡಿ ಅಂತ ಡಾಕ್ಟರು ಎರಡು ಸಲ ಹೇಳಿದ್ದರು. ಹೇಳುವುದಕ್ಕೇನು, ಮುದ್ದೆ ಅವರು ಮಾಡಿಕೊಡುತ್ತಾರೆಯೇ?

ಮಗಳು ಧನುಶ್ರೀ ಕರೆಂಟಿನ ಇಂಡಕ್ಷನ್ ಒಲೆ ತಂದುಕೊಟ್ಟು ಹೋದಳು. ಲಕ್ಷ್ಮೀನರಸಮ್ಮ ಆಸೆಯಿಂದ ಅದರ ಮೇಲೆ ತನ್ನ ಅಲ್ಯೂಮಿನಿಯಂ ಮುದ್ದೆ ಪಾತ್ರೆ ಇಟ್ಟಳು. ಒಲೆ ಕುಂಯ್ ಕುಂಯ್ ಅಂದಿತೇ ಹೊರತು ನೀರು ಬೆಚ್ಚಗೂ ಆಗಲಿಲ್ಲ.

"ನಾನು ಹೇಳ್ಲಿಲ್ವಾ?" ಗಂಡ ಚಿಕ್ಕವೆಂಕಟಪ್ಪನಿಗೆ ಗೆದ್ದ ಖುಷಿ. "ಬೆಂಕಿ ಇಲ್ದೆ ಮುದ್ದೆ ಆಗ್ತದಾ? ವಾಪಸ್ ಕೊಟ್ಬುಡು."

ಅವಳಿಗೆ ಅಳುವೇ ಬಂತು. ಮತ್ತೆ ಕಡ್ಡಿ ಮುರಿಯಲು ಕೂತಳು.

ಪಕ್ಕದ ಮನೆಯ ಕೊಂಡಮ್ಮ ಮಹಿಳಾ ಸಂಘದವಳು. ವರ್ಷದಿಂದ ಇಂಥದೇ ಒಲೆಯಲ್ಲಿ ಅಡುಗೆ ಮಾಡುತ್ತಾಳೆ. ಕೆಮ್ಮು ಕೇಳಿ ಬಂದವಳು, ವಿಷಯ ತಿಳಿದು, ಬೀರುವಿಗೆ ಅಂಟಿದ್ದ ಅಯಸ್ಕಾಂತ ಕಿತ್ತು ಪಾತ್ರೆಯ ತಳಕ್ಕೆ ಹಿಡಿದಳು. ಅದು ಜಾರಿ ಬಿತ್ತು.

"ಒಲೆ ಕೆಟ್ಟಿಲ್ಲ ಕಣಕ್ಕ. ಅಯಸ್ಕಾಂತ ಅಂಟೋ ಪಾತ್ರೆ ಬೇಕು, ತಳ ಚಪ್ಪಟೆ ಇರ್ಬೇಕು. ಇರು, ನಮ್ಮನೇದು ತರ್ತೀನಿ."

"ಕರೆಂಟು ಸುಮ್ನೆ ದಂಡ," ಚಿಕ್ಕವೆಂಕಟಪ್ಪ ಬಿಡಲಿಲ್ಲ.

"ಸೌದೆ ಉರೀಲಿ ಮುಕ್ಕಾಲು ಪಾಲು ಕಾವು ಗೋಡೆ ಕಾಯಿಸೋಕೇ ಹೋಗ್ತದೆ ಭಾವ. ಇದ್ರಲ್ಲಿ ಹೆಚ್ಚು ಕಾವು ಪಾತ್ರೆಗೇ ಹತ್ತುತ್ತೆ. ಅದೇ ಮುದ್ದೆ, ದಂಡ ಆಗೋ ಕಾವು ಮಾತ್ರ ಕಡಿಮೆ."

"ಕರೆಂಟ್ ಹೋದ್ರೆ?"

"ಹಳೇ ಒಲೆ ಎಲ್ಲಿಗೂ ಓಡೋಗಲ್ಲ ಬಿಡಿ."

ಕೊಂಡಮ್ಮ ತನ್ನ ಮನೆಯ ಪಾತ್ರೆ ತಂದು ನೀರಿಟ್ಟಳು, ಈ ಸಲ ಬೇಗನೆ ಕುದಿಯಿತು. ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿದಳು. "ತಿರುವೋದು ನೆಲದ ಮೇಲೆ ಕಣಕ್ಕ. ಈ ಒಲೆ ಗಾಜಿನ ಮೇಲೆ ಕೋಲು ಆಡ್ಸಿದ್ರೆ ಒಡೀತದೆ."

ಚಿಕ್ಕವೆಂಕಟಪ್ಪ ಒಂದು ಮುದ್ದೆ ನುಂಗಿ, ಇನ್ನೊಂದಕ್ಕೆ ತಟ್ಟೆ ಒಡ್ಡಿದ. ಅವನು ಸೋತದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೊನೆಗೆ, "ಇಂಥ ಪಾತ್ರೆ ಚಿಂತಾಮಣಿ ಪೇಟೇಲಿ ಸಿಗ್ತದೇನಮ್ಮ?" ಅಂದ.

ಲಕ್ಷ್ಮೀನರಸಮ್ಮ ತಾನೂ ತಟ್ಟೆ ಹಾಕಿಕೊಂಡು ಕೂತಳು. ದಣಿವು ಹೋಗಿರಲಿಲ್ಲ, ಒಂದು ದಿನಕ್ಕೆ ಹೋಗುವ ದಣಿವೂ ಅಲ್ಲ ಅದು. ಆದರೆ ಎಷ್ಟೋ ದಿನದ ಮೇಲೆ ಹಸಿವಾಗಿತ್ತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮುದ್ದೆ, ಸಾರು ಯಾವುದನ್ನೂ ಬಿಡಬೇಕಿಲ್ಲ. ಪಾತ್ರೆಗೆ ಅಯಸ್ಕಾಂತ ಹಿಡಿದು ನೋಡಿ. ದೊಡ್ಡ ಪ್ಲಗ್ ಪಾಯಿಂಟ್ ಹಾಕಿಸಿ, ನೀರು ಕುದಿದ ಕೂಡಲೇ ಕಾವು ಇಳಿಸಿ. ಇವತ್ತು ಉಣ್ಣಲು ಕೂತಾಗ, ಅಡುಗೆ ಮಾಡಿದವಳಿಗೆ ಹಸಿವಿದೆಯಾ ಅಂತ ಒಮ್ಮೆ ಕೇಳಿ.