ಮೀಟರಿನ ಮುಳ್ಳು, ಜುಂಜಣ್ಣನ ಸಿಟ್ಟು

ಜುಂಜಣ್ಣನ ಹೆಸರು ಕೆಟ್ಟಿದ್ದು ಒಂದು ಮಂಗಳವಾರ ಬೆಳಿಗ್ಗೆ, ಅವನು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಹಿತ್ತಲಲ್ಲಿ ನಿಂತಿದ್ದಾಗ. ಹೆಂಡತಿ ಹುಚ್ಚಕ್ಕ ಅವನ ಫೋನು ಹಿಡಿದುಕೊಂಡು ಬಂದಳು.

"ನೋಡ್ರಿ ಇಲ್ಲಿ, ನಿಮ್ಮ ಮ್ಯಾಲೆ ಏನೋ ಬರ್ದಾರೆ."

ಬರೆದದ್ದು ಜಿಲ್ಲೆಯ ಹಳೇ ಗಾಡಿ ಮೋಹದವರೆಲ್ಲ ಸೇರಿ ಕಟ್ಟಿಕೊಂಡ ವಾಟ್ಸಾಪ್ ಗುಂಪಿನಲ್ಲಿ. ಬರೆದವನು ಚಿತ್ರದುರ್ಗದ ಬೈಪಾಸಿನಲ್ಲಿ ಹೊಸದಾಗಿ ಗಾಜಿನ ಬಾಗಿಲಿನ ವರ್ಕ್‌ಶಾಪು ತೆರೆದಿದ್ದ ಪರಮೇಶ. ಆಯಿಲ್ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿದ್ದ ಫೋಟೋ ಹಾಕಿ ಕೆಳಗೆ ಹೀಗೆ ಬರೆದಿದ್ದ: "ಜಯಶೀಲಾ ಮೇಡಂ ಅವರ ರೋಟರಿ ಕಾರಿಗೆ ಹಿರಿಯೂರಿನ ಜುಂಜಣ್ಣ ಲಾರಿ ಆಯಿಲ್ ಹಾಕಿ ಇಂಜಿನ್ ಹಾಳು ಮಾಡಿದ್ದಾರೆ. ಆಯಿಲ್ ಪ್ರೆಶರ್ ಸೊನ್ನೆ. ಇವತ್ತು ಮಧ್ಯಾಹ್ನ ಇಂಜಿನ್ ಇಳಿಸುತ್ತಿದ್ದೇವೆ, ಬೇರೆ ಇಂಜಿನ್ ಕೂರಿಸುತ್ತೇವೆ. ಹಳೇ ಗಾಡಿ ಇರುವವರು ಎಚ್ಚರ." ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು. ಅವರಲ್ಲಿ ಏಳು ಜನರ ಗಾಡಿ ಇವತ್ತಿಗೂ ಓಡುತ್ತಿರುವುದು ಜುಂಜಣ್ಣನ ಕೈಗುಣದಿಂದ.

ಅವನು ಬೇವಿನ ಕಡ್ಡಿ ಉಗಿದ. ಮುಖ ತೊಳೆಯುವುದನ್ನೂ ಮರೆತ.

ಆ ಕಾರಿನ ಕತೆ ಹೇಳದಿದ್ದರೆ ಅವನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಜಯಶೀಲಾ ಮೇಡಂ ದುರ್ಗದಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರ ಗಂಡ ಡಾಕ್ಟರ್ ರಘುನಾಥ್ ಸಿಂಗಾಪುರದಲ್ಲಿ ಕೆಲಸ ಮಾಡಿ, ವಾಪಸು ಬರುವಾಗ ಹಡಗಿನಲ್ಲಿ ತಂದ ಜಪಾನಿನ ಕೆಂಪು ಕಾರು ಅದು. ಎರಡೇ ಬಾಗಿಲು. ದೀಪಗಳು ಮೂತಿಯೊಳಗೆ ಮಲಗಿರುತ್ತವೆ, ಸ್ವಿಚ್ ಒತ್ತಿದರೆ ರೆಪ್ಪೆ ತೆರೆದು ಮೇಲೆದ್ದು ನೋಡುತ್ತವೆ. ಇಂಜಿನ್ನಂತೂ ಇನ್ನೂ ವಿಚಿತ್ರ. ಮೇಲಕ್ಕೂ ಕೆಳಕ್ಕೂ ಕುಟ್ಟುವ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಕಬ್ಬಿಣದ ತುಂಡು ಒಳಗೆ ಗಾಣದ ಹಾಗೆ ಸುತ್ತುತ್ತಿರುತ್ತದೆ, ಅದಕ್ಕೇ ರೋಟರಿ ಎಂಬ ಹೆಸರು. ಜಿಲ್ಲೆಯ ಮೆಕ್ಯಾನಿಕ್‌ಗಳೆಲ್ಲ ಬಾನೆಟ್ಟು ಎತ್ತಿ, ನೋಡಿ, ಕೈಮುಗಿದು ಮುಚ್ಚಿದ್ದರು. ಮುಚ್ಚದೆ ಉಳಿದವನು ಆಗಷ್ಟೇ ಸ್ಪ್ಯಾನರು ಹಿಡಿದಿದ್ದ ಜುಂಜಣ್ಣ ಒಬ್ಬನೇ. ಡಾಕ್ಟರು ಪುಸ್ತಕ ಓದಿ ಕನ್ನಡದಲ್ಲಿ ಹೇಳುವುದು, ಇವನು ಬಿಚ್ಚುವುದು. ಹಾಗೆ ಇಬ್ಬರೂ ಸೇರಿ ಕಲಿತರು.

"ಈ ಇಂಜಿನ್ನು ಬೇಕಂತಲೇ ಎಣ್ಣೆ ಕುಡಿಯುತ್ತೆ ಜುಂಜಣ್ಣ," ಎಂದಿದ್ದರು ಡಾಕ್ಟರು. "ಕುಡಿಯೋದು ನಿಲ್ಲಿಸಿದ ದಿನ ಹೆದರಬೇಕು. ಇದಕ್ಕೆ ದುಬಾರಿ ತೆಳ್ಳನೆ ಎಣ್ಣೆ ಬೇಡ, ಸಾದಾ ಗಟ್ಟಿ ಎಣ್ಣೇನೇ ಸರಿ."

ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಯಿತು. ಇಪ್ಪತ್ತು ದಿನದ ಹಿಂದೆ ಮೇಡಂ ತಾವೇ ಹಿರಿಯೂರಿಗೆ ಗಾಡಿ ತಂದಿದ್ದರು. ಜುಂಜಣ್ಣ ಅದೇ ಸಾದಾ ಗಟ್ಟಿ ಎಣ್ಣೆ ಹಾಕಿ ಕಳಿಸಿದ್ದ. ಅದನ್ನೇ ಈಗ ಲಾರಿ ಆಯಿಲ್ ಎನ್ನುತ್ತಾನೆ ಈ ಗಾಜಿನ ಬಾಗಿಲಿನವನು!

ಗ್ಯಾರೇಜಿನ ಬಾಗಿಲು ತೆರೆಯಲೇ ಇಲ್ಲ. ಟ್ರ್ಯಾಕ್ಟರಿನಿಂದ ಬಿಚ್ಚಿ ಉದ್ದನೆ ತಾಮ್ರದ ಪೈಪು ಕೂರಿಸಿಕೊಂಡಿದ್ದ ಎಣ್ಣೆಯ ಪ್ರೆಶರ್ ಅಳೆಯುವ ಹಳೇ ಹಿತ್ತಾಳೆ ಗೇಜನ್ನು ಟವೆಲಿನಲ್ಲಿ ಸುತ್ತಿ, ನಾಲ್ಕು ಸ್ಪ್ಯಾನರು ಚೀಲಕ್ಕೆ ಹಾಕಿ, ದುರ್ಗದ ಬಸ್ಸು ಹತ್ತಿದ. ಐಮಂಗಲ ದಾಟುವವರೆಗೂ ಸಿಟ್ಟು ಕುದಿಯುತ್ತಿತ್ತು. ದಾಟಿದ ಮೇಲೆ ಸಿಟ್ಟಿನ ಒಳಗಿಂದ ಬೇರೆಯೇ ಒಂದು ಹುಳ ಹೊರಬಂತು. ಫಿಲ್ಟರ್ ಸರಿಯಾಗಿ ಬಿಗಿ ಮಾಡಿದ್ದೆನೇ? ಆ ಎಣ್ಣೆ ಡಬ್ಬಿ ನಕಲಿಯೇನಾದರೂ ಆಗಿತ್ತೇ? ಮೂವತ್ತೈದು ವರ್ಷದಿಂದ ಕಿವಿಯಲ್ಲೇ ಗಾಡಿಯ ಕಾಯಿಲೆ ಹಿಡಿದವನು ಒಂದು ಫೋಟೋ ನೋಡಿ ತನ್ನ ಕೈಯನ್ನೇ ಅನುಮಾನಿಸುತ್ತಿದ್ದ. ಪರಮೇಶ ಮಾಡಿದ ದೊಡ್ಡ ಅನ್ಯಾಯ ಅದೇ ಅನ್ನಿಸಿ ಹಲ್ಲು ಕಚ್ಚಿದ.

ವರ್ಕ್‌ಶಾಪಿನಲ್ಲಿ ಕೆಂಪು ಕಾರಿನ ಬಾನೆಟ್ಟು ತೆಗೆದಿಟ್ಟಿದ್ದರು. ಮೇಲೆ ಇಂಜಿನ್ ಎತ್ತುವ ಸರಪಳಿ ಜೋತಾಡುತ್ತಿತ್ತು. ಪಕ್ಕದಲ್ಲಿ ಮೇಡಂ ಅವರ ತಂಗಿಯ ಮಗ ಗಿರೀಶ ಕಾಫಿ ಕುಡಿಯುತ್ತಾ ನಿಂತಿದ್ದ. ಮೇಡಂ ಸೋಫಾದ ಮೇಲೆ ಕೂತಿದ್ದರು. ಜುಂಜಣ್ಣನನ್ನು ಕಂಡು ಒಮ್ಮೆ ಕಣ್ಣೆತ್ತಿದವರು ಕೂಡಲೇ ಕೈಚೀಲದ ಜಿಪ್ಪು ನೋಡತೊಡಗಿದರು.

"ಏನಪ್ಪ, ಇಲ್ಲಿಗ್ಯಾಕೆ ಬಂದೆ?" ಎಂದ ಪರಮೇಶ. ಅವನಿಗೆ ಇನ್ನೂ ಮೂವತ್ತಾಗಿಲ್ಲ. ಜುಂಜಣ್ಣನಿಗೆ ಅರವತ್ತಕ್ಕೆ ಎರಡೇ ಕಮ್ಮಿ.

"ಪ್ರೆಶರ್ ಸೊನ್ನೆ ಅಂತ ಯಾವುದರಾಗೆ ನೋಡಿದೆ?"

"ಕಣ್ಣು ಕಾಣಲ್ವಾ? ಮೀಟರ್‌ನಾಗೇ ಐತಲ್ಲ."

"ಬೇರೆ ಗೇಜ್ ಹಾಕಿ ನೋಡಿದೇನು?"

"ನಲವತ್ತು ವರ್ಷದ ಗಾಡಿ, ಸ್ಕ್ಯಾನರ್ ಚುಚ್ಚಕ್ಕೆ ತೂತೇ ಇಲ್ಲ. ಇನ್ನೆಂಗೆ ನೋಡ್ಬೇಕು?"

ಸ್ಕ್ಯಾನರಿಗೆ ತೂತಿಲ್ಲದಿದ್ದರೆ ರೋಗ ನೋಡುವ ದಾರಿಯೇ ಇಲ್ಲವಂತೆ! ಜುಂಜಣ್ಣನಿಗೆ ತನ್ನ ಅಪ್ಪ ನೆನಪಾದ. ಹಟ್ಟಿಯಲ್ಲಿ ನೂರಾರು ಕುರಿ ಸಾಕಿದ ಆ ಮುದುಕ ಯಾವ ಕುರಿ ಬಿದ್ದರೂ ಮೊದಲು ಅದರ ಕಣ್ಣ ರೆಪ್ಪೆ ಮಗುಚಿ ನೋಡುತ್ತಿದ್ದ. "ಕುರಿ ಬಿತ್ತು ಅಂತ ಕತ್ತಿ ಹುಡುಕಬ್ಯಾಡಲೇ," ಎನ್ನುತ್ತಿದ್ದ, "ರೆಪ್ಪೆ ಕೆಂಪಗಿದ್ರೆ ರಕ್ತ ಐತೆ, ಬದುಕ್ತೈತೆ." ಇಲ್ಲಿ ರೆಪ್ಪೆ ಮುಟ್ಟದೆಯೇ ಕತ್ತಿ ಮಸೆದು ನಿಂತಿದ್ದರು.

"ಗಾಡಿ ಇಲ್ಲಿಗೆ ಹೆಂಗೆ ಬಂತು, ಎಳ್ಕಂಡು ಬಂದ್ರಾ?" ಎಂದು ಗಿರೀಶನನ್ನು ಕೇಳಿದ.

"ಇಲ್ಲ, ನಾನೇ ಓಡಿಸ್ಕೊಂಡು ಬಂದೆ."

"ಸದ್ದು ಏನಾದ್ರೂ ಬಂತಾ?"

"ಇಲ್ಲ."

"ಎಣ್ಣೆ ಪ್ರೆಶರ್ ಇಲ್ದೆ ಇಂಜಿನ್ನು ಸುಮ್ನೆ ಓಡ್ತೈತೇನಪ್ಪ? ಒಂದು ಮೈಲಿಯಾಗೆ ಬಾಯಿ ಬಡ್ಕಂತಿತ್ತು. ಮೇಡಂ, ಸ್ಟಾರ್ಟ್ ಮಾಡ್ರಿ."

"ಇಂಜಿನ್ ಜಾಮ್ ಆಗಿ ಹಿಡ್ಕಂಡ್ರೆ ಯಾರು ಜವಾಬ್ದಾರಿ?" ಎಂದು ಪರಮೇಶ ಅಡ್ಡ ಬಂದ.

"ನಾನು. ಬೇಕಾದ್ರೆ ಅದ್ನೂ ಗುಂಪಿನಾಗೆ ಬರಿ."

ಮೇಡಂ ಎದ್ದು ಬಂದು, ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಹತ್ತು ನಿಮಿಷ ಇಂಜಿನ್ನು ಬಿಸಿಯಾಗಲು ಬಿಟ್ಟರು. ಮುಳ್ಳು ನಿಧಾನಕ್ಕೆ ಇಳಿದು ಸೊನ್ನೆಗೆ ಬಂತು. ಪರಮೇಶ ನಕ್ಕ. ಜುಂಜಣ್ಣನ ಕಿವಿ ಮಾತ್ರ ಇಂಜಿನ್ನಿನ ಮೇಲೇ ಇತ್ತು. ಅದು ಡಾಕ್ಟರು ಇದ್ದಾಗ ಹೇಗೆ ಹಾಡುತ್ತಿತ್ತೋ ಹಾಗೆಯೇ ಹಾಡುತ್ತಿತ್ತು.

"ಮೇಡಂ, ಲೈಟು ಹಾಕ್ರಿ."

"ಹಗಲಲ್ಲೇ?"

"ಹಾಕ್ರಿ ನೀವು."

ಸ್ವಿಚ್ ಒತ್ತಿದರು. ಎರಡು ದೀಪಗಳೂ ರೆಪ್ಪೆ ತೆರೆದು ಮೇಲೆದ್ದವು. ಅದರ ಜೊತೆಗೇ ಸೊನ್ನೆಯ ಮೇಲೆ ಸತ್ತು ಮಲಗಿದ್ದ ಮುಳ್ಳು ಎಗರಿ ಅರ್ಧಕ್ಕೆ ಬಂತು. ಪಕ್ಕದ ನೀರಿನ ಮೀಟರಿನ ಮುಳ್ಳೂ ಎಗರಿತು. ಜುಂಜಣ್ಣ ಇಂಡಿಕೇಟರ್ ಹಾಕಿಸಿದ. ಅದು ಟಿಕ್ ಟಿಕ್ ಎಂದಂತೆ ಎರಡು ಮುಳ್ಳುಗಳೂ ತಾಳ ಹಾಕಿದವು.

"ದೀಪ ಹಚ್ಚಿದ್ರೆ ಎಣ್ಣೆ ಪ್ರೆಶರ್ ಏರೋ ಇಂಜಿನ್ನು ಯಾವ ದೇಶದಾಗೆ ಐತೋ ಪರಮೇಶ?" ಜುಂಜಣ್ಣನ ದನಿ ಗಾಜಿನ ಬಾಗಿಲಿನಾಚೆಗೂ ಕೇಳಿಸಿತು. "ಇದು ಎಣ್ಣೆ ರೋಗ ಅಲ್ಲ. ಮೀಟರಿನ ಅರ್ತ್ ಹೋಗೈತೆ, ಕರೆಂಟು ವಾಪಸ್ ಹೋಗೋ ವೈರು ಬಿಟ್ಟೈತೆ!"

"ಅರ್ತ್ ಲೂಸ್ ಇದ್ರೂ ಇರಬೌದು. ಹಂಗಂತ ಒಳಗೆ ಪ್ರೆಶರ್ ಐತೆ ಅಂತ ಏನು ಗ್ಯಾರಂಟಿ?"

ಈ ಮಾತಿಗೇ ಜುಂಜಣ್ಣ ಟವೆಲು ಬಿಚ್ಚಿದ್ದು. ಇಂಜಿನ್ ಆರಿಸಿ, ಎಣ್ಣೆ ಸೆನ್ಸರನ್ನು ಬಿಚ್ಚಿ, ಆ ಜಾಗಕ್ಕೆ ತಾಮ್ರದ ಪೈಪು ಬಿಗಿದ. ಹಿತ್ತಾಳೆ ಗೇಜಿಗೆ ವೈರೂ ಇಲ್ಲ, ಕರೆಂಟೂ ಬೇಡ. ಎಣ್ಣೆಯೇ ಬಂದು ಒತ್ತಬೇಕು. ಅದನ್ನು ಪರಮೇಶನ ಕೆಲಸಗಾರ ಚಂದ್ರುವಿನ ಕೈಗೇ ಕೊಟ್ಟ. "ನೀನೇ ಓದಪ್ಪ. ನಾನು ಓದಿದ್ರೆ ಸುಳ್ಳು ಅಂತಾರೆ."

ಇಂಜಿನ್ನು ಎದ್ದಿತು.

"ಪ್ರೆಶರ್ ಎರಡು ಕೆಜಿ," ಎಂದ ಚಂದ್ರು. ಮೇಡಂ ರೇಸ್ ಕೊಟ್ಟರು. "ನಾಲ್ಕು... ಐದು. ಐದಕ್ಕೇ ನಿಂತೈತೆ ಅಣ್ಣಾ, ಪ್ರೆಶರ್ ಚೆನ್ನಾಗೈತೆ." ಅವನ ಬಾಯಲ್ಲಿ ಅಣ್ಣಾ ಎಂಬ ಮಾತು ತಾನಾಗಿ ಬಂದಿತ್ತು.

ಇಂಜಿನ್ ಆರಿಸಿ ಸೆನ್ಸರನ್ನು ಮತ್ತೆ ಕೂರಿಸಿ, ಜುಂಜಣ್ಣ ಡ್ಯಾಷ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ತಲೆ ತೂರಿಸಿದ. ಅಲ್ಲಿ ಹೊಳೆಯುವ ಹೊಸ ಮ್ಯೂಸಿಕ್ ಸಿಸ್ಟಮ್ಮು. ಬಾಡಿಯ ಸ್ಕ್ರೂವಿನಲ್ಲಿ ಇರಬೇಕಿದ್ದ ಮೀಟರಿನ ಅರ್ತ್ ವೈರನ್ನು ಯಾರೋ ಕಿತ್ತು, ಕರೆಂಟು ಹಾಯದ ಪೇಂಟು ಬಳಿದ ಪಟ್ಟಿಗೆ ಟೇಪು ಸುತ್ತಿ ಅಂಟಿಸಿದ್ದರು.

"ಈ ಹಾಡಿನ ಪೆಟ್ಟಿಗೆ ಹಾಕಿದ್ಯಾರು?"

ಗಿರೀಶ ನೆಲ ನೋಡುತ್ತಾ ಹೇಳಿದ. "ದೊಡ್ಡಮ್ಮನ ಬರ್ತ್‌ಡೇಗೆ ಅಂತ ನಾನೇ ಹಾಕಿಸ್ದೆ. ಇಲ್ಲೇ. ಹದಿನೈದು ದಿನ ಆಯ್ತು."

ತಾವೇ ವೈರು ಕಿತ್ತು, ತಾವೇ ಮುಳ್ಳು ಬೀಳಿಸಿ, ತಾವೇ ಫೋಟೋ ತೆಗೆದು, ಊರಿಗೆಲ್ಲ ಜುಂಜಣ್ಣನ ಹೆಸರು ಹೇಳಿದ್ದರು! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುವುದು ಇದಕ್ಕೇ. ಜುಂಜಣ್ಣ ಟೇಪು ಕಿತ್ತು, ಚಾಕುವಿನಿಂದ ವೈರಿನ ತುದಿ ಕೆರೆದು, ಅದನ್ನು ಹಳೇ ಸ್ಕ್ರೂವಿಗೆ ಬಿಗಿದ. ಇಂಜಿನ್ನು ಮತ್ತೆ ಎಬ್ಬಿಸಿದಾಗ ಗಾಡಿಯ ಮುಳ್ಳು ಎರಡಕ್ಕೆ ಬಂದು ನಿಂತಿತು. ಲೈಟು ಹಾಕಿದರೂ, ಆರಿಸಿದರೂ ಅಲ್ಲಾಡಲಿಲ್ಲ.

ಅವನು ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಪರಮೇಶ ಮೂಲೆಯಲ್ಲಿ ನಿಂತು ಹಳೆಯದನ್ನು ಅಳಿಸಿ ಹೊಸದು ಬರೆದಿದ್ದ: "ರೋಟರಿ ಕಾರಿನ ಆಯಿಲ್ ಪ್ರೆಶರ್ ಸಮಸ್ಯೆಗೆ ನಮ್ಮ ವರ್ಕ್‌ಶಾಪಿನಲ್ಲಿ ಯಶಸ್ವಿ ಪರಿಹಾರ." ಆಗಲೇ ಮೂರು ಹೆಬ್ಬೆರಳು ಎದ್ದಿದ್ದವು.

ಜುಂಜಣ್ಣನಿಗೆ ಕೂಗಾಡುವ ಶಕ್ತಿಯೂ ಹೋಯಿತು. ಗೇಜನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ನಡೆದ. ಮೇಡಂ ಹಿಂದೆಯೇ ಬಂದರು.

"ಜುಂಜಣ್ಣ, ನಿಂತ್ಕೊಳ್ರಿ."

ಅವನು ನಿಂತ. ತಿರುಗಲಿಲ್ಲ. "ಆ ಹುಡುಗ ನನ್ನ ಕಂಡವನಲ್ಲ ಮೇಡಂ, ಅವನು ಏನಾದ್ರೂ ಬರ್ಕಳ್ಳಿ. ನೀವು ಕಂಡವರು. ಮೂವತ್ತೈದು ವರ್ಷ. ಒಂದು ಫೋನು ಮಾಡಬಾರದಿತ್ತಾ?"

ಮೇಡಂ ಕನ್ನಡಕ ಸರಿಮಾಡಿಕೊಂಡು, ಫೋನು ಬಾಯಿಯ ಹತ್ತಿರ ಹಿಡಿದು, ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಗೆ ಕೇಳಿಸುವಂತೆ ಮಾತಾಡುತ್ತಿದ್ದ ಅದೇ ದನಿಯಲ್ಲಿ ಆ ಗುಂಪಿಗೇ ಹೇಳಿದರು:

"ನಾನು ಜಯಶೀಲಾ. ನನ್ನ ಗಾಡಿಯ ಇಂಜಿನ್ ಕೆಟ್ಟಿರಲಿಲ್ಲ. ಇದೇ ವರ್ಕ್‌ಶಾಪಿನವರು ಕಿತ್ತ ಒಂದು ವೈರನ್ನು ಹಿರಿಯೂರಿನ ಜುಂಜಣ್ಣನವರು ಬಂದು ಕೂರಿಸಿದರು. ಆದರೆ ಮೊದಲ ತಪ್ಪು ನನ್ನದು. ಒಂದು ಫೋಟೋ ನಂಬಿದೆ, ಅವರನ್ನು ನಂಬಲಿಲ್ಲ. ಹೆಬ್ಬೆರಳು ಎತ್ತಿದವರೆಲ್ಲ ಇದನ್ನೂ ಕೇಳಿಸಿಕೊಳ್ಳಿ."

ಬಾನೆಟ್ಟನ್ನು ಚಂದ್ರುವೇ ತಂದು ಕೂರಿಸಿಕೊಟ್ಟ. ಮೇಡಂ ಪಕ್ಕದ ಬಾಗಿಲು ತೆರೆದರು. ಜುಂಜಣ್ಣನ ಸಿಟ್ಟು ಇಳಿದಿರಲಿಲ್ಲ, ಆದರೂ ಹತ್ತಿ ಕೂತ. ಗಾಡಿ ಹೆದ್ದಾರಿಗೆ ಬೀಳುತ್ತಿದ್ದಂತೆ ಮೇಡಂ ಲೈಟಿನ ಸ್ವಿಚ್ ಒತ್ತಿದರು. ಉರಿಬಿಸಿಲಲ್ಲಿ ಎರಡು ದೀಪಗಳೂ ಎದ್ದು ನಿಂತವು.

ಐಮಂಗಲದ ಹತ್ತಿರ ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಲೈಟು ಉರಿಯುತ್ತಿದೆ ಎಂದು ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡಿದ. ಮೇಡಂ ತಲೆಯಾಡಿಸಿದರು, ಆರಿಸಲಿಲ್ಲ. ಹಿರಿಯೂರಿನ ಪೇಟೆಯಲ್ಲಿ ಎದುರು ಬಂದ ಆಟೋದವರು, ತೆಂಗಿನಕಾಯಿ ಲಾರಿಯವರು, ಬಸ್ಸಿನ ಡ್ರೈವರು, ಎಲ್ಲರೂ ಕೈ ಆಡಿಸಿದರು. ಗ್ಯಾರೇಜಿನ ಮುಂದೆ ಗಾಡಿ ನಿಂತಾಗ ಎದುರಿನ ಟೀ ಅಂಗಡಿಯಿಂದ ನಾಲ್ಕೈದು ಜನ ಒಟ್ಟಿಗೇ ಕೂಗಿದರು. "ಮೇಡಂ, ಲೈಟು ಐತೆ! ಲೈಟು ಐತೆ!"

"ಗೊತ್ತು ಬಿಡ್ರಪ್ಪ," ಎಂದರು ಮೇಡಂ. "ಬಂದು ಮೀಟರಿನ ಮುಳ್ಳು ನೋಡ್ರಿ."

ಅವರು ಒಬ್ಬೊಬ್ಬರಾಗಿ ಬಂದು, ಕಿಟಕಿಯಲ್ಲಿ ಬಗ್ಗಿ ನೋಡಿದರು. ಲೈಟು ಉರಿಯುತ್ತಿದ್ದರೂ ಮುಳ್ಳು ಅಲ್ಲಾಡದೆ ಎರಡರ ಮೇಲೆ ನಿಂತಿತ್ತು. ಜುಂಜಣ್ಣ ಕೆಳಗಿಳಿದು ಗ್ಯಾರೇಜಿನ ಬೀಗ ತೆಗೆದ.